ದಕ್ಕೆಯಿಂದ ಪ್ರಬಂಧದವರೆಗೆ

(ಸಂಘದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯ ಮೇಲೆ ಕವಿಗಳು ನಿಂತಿದ್ದಾರೆ, ವಿಮರ್ಶಕರು ನಿಂತಿದ್ದಾರೆ, ತಾಳಮದ್ದಲೆಯ ಅರ್ಥಧಾರಿಗಳು ಮಾತಿನ ಮಂಟಪ ಕಟ್ಟಿದ್ದಾರೆ. ಅಂಥ ಜಾಗದಲ್ಲಿ ಮೀನಿನ ಉದ್ದ ಅಳೆಯುವುದನ್ನೇ ಕಸುಬು ಮಾಡಿಕೊಂಡ ಒಬ್ಬ ಸರಕಾರಿ ನೌಕರನನ್ನು ಕರೆದು ನಿಲ್ಲಿಸಿರುವುದು ಸಂಘದ ಔದಾರ್ಯ. ಕಾರ್ಯದರ್ಶಿಗಳು ಮನೆಗೆ ಬಂದು, "ನಿಮ್ಮ ಕೆಲಸದ ಬಗ್ಗೆಯೇ ಒಂದು ಗಂಟೆ ಮಾತಾಡಿ, ಸಾಕು" ಎಂದಾಗ ಸುಲಭವೆಂದುಕೊಂಡು ಒಪ್ಪಿಬಿಟ್ಟೆ. ಟಿಪ್ಪಣಿ ಬರೆಯಲು ಕುಳಿತಾಗ ಅದು ಸುಲಭವಲ್ಲವೆಂದು ಗೊತ್ತಾಯಿತು. ಸುಮಾರು ಮೂವತ್ತು ವರ್ಷಗಳ ಸೇವೆಯಲ್ಲಿ ನನ್ನ ವಿಷಯದ ಬಗ್ಗೆ ನಾನು ಬರೆದುದೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದುದೆಂದರೆ ಊರಿಗೆ, ತಾಯಿಗೆ ಬರೆದ ಕಾಗದಗಳು. ಈ ಭಾಷಣದ ಮೊದಲ ವಾಕ್ಯಕ್ಕೇ ಒಂದು ಸಂಜೆ ಹಿಡಿಯಿತು. ಆ ಸಂಜೆಯ ಒದ್ದಾಟ ನನ್ನೊಬ್ಬನದಲ್ಲ, ನನ್ನ ಕಸುಬಿನದೇ ಎಂದು ನನಗೆ ಅನ್ನಿಸಿದೆ. ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಕಡಲ ವಿಜ್ಞಾನಿ ಎಂದರೆ ಜನರ ಕಣ್ಣಿಗೆ ಬರುವ ಚಿತ್ರ ಒಂದೇ: ಬೆನ್ನಿಗೆ ಗಾಳಿಯ ಕೊಳವೆ ಕಟ್ಟಿಕೊಂಡು ಹವಳದ ನಡುವೆ ಈಜುವ ಮನುಷ್ಯ. ನಮ್ಮಲ್ಲಿ ಅಂಥವರೂ ಇದ್ದಾರೆ, ಆದರೆ ಬೆರಳೆಣಿಕೆಯಷ್ಟು. ನೀರಿನ ಹರಿವು ಹಾಗೂ ಶಾಖವನ್ನು ನೋಡುವವರು, ಅದರ ರಸಾಯನವನ್ನು ನೋಡುವವರು, ತಳದ ಮಣ್ಣನ್ನು ನೋಡುವವರು, ಜೀವಿಗಳನ್ನು ನೋಡುವವರು ಎಂದು ನಮ್ಮಲ್ಲಿ ಹಲವು ಪಂಗಡಗಳು. ಗೋವೆಯ ದೋನಾಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಸ್ಥಾಪನೆಯಾದುದು 1966ರಲ್ಲಿ, ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾತ್ರೆ ಮುಗಿದ ಬೆನ್ನಿಗೆ. ಮೀನುಗಾರಿಕೆಯ ಸಂಶೋಧನೆ ಅದಕ್ಕಿಂತ ಹಳೆಯದು; ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ 1947ರಲ್ಲಿ ಆರಂಭವಾಗಿ, ತಮಿಳುನಾಡಿನ ಮಂಡಪಂನಲ್ಲಿದ್ದು, ಮುಂದೆ ಕೊಚ್ಚಿಗೆ ನೆಲೆ ಬದಲಿಸಿತು. ನಾನು ಓದಿದ್ದು ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯದಲ್ಲಿ. 1969ರಲ್ಲಿ ಆರಂಭವಾದ ಅದು ದೇಶದಲ್ಲಿಯೇ ಆ ಬಗೆಯ ಮೊದಲನೆಯ ಕಾಲೇಜು. ಅದು ಕನ್ನಡ ನೆಲದಲ್ಲಿ ಹುಟ್ಟಿತೆಂಬುದನ್ನು ಹೊರನಾಡಿನಲ್ಲಿರುವ ನಾವು ನೆನಪಿಟ್ಟುಕೊಳ್ಳಬೇಕು. ಸ್ನಾತಕೋತ್ತರ ಪದವಿ ಮುಗಿಸಿ ಕೇಂದ್ರ ಸರಕಾರದ ಸೇವೆಗೆ ಸೇರಿದೆ. ವರ್ಗಾವಣೆಗಳ ಕತೆ ನಿಮಗೆ ಹೊಸತಲ್ಲ, ಅದನ್ನು ಬಿಡುತ್ತೇನೆ.

ನಮ್ಮ ದಿನ ಆರಂಭವಾಗುವುದು ದಕ್ಕೆಯಲ್ಲಿ. ಮಲ್ಪೆಯಾಗಲಿ, ಮಂಗಳೂರಾಗಲಿ, ಇಲ್ಲಿನ ಸಸೂನ್ ಡಾಕ್ ಆಗಲಿ, ಬೆಳಗಿನ ನಾಲ್ಕೂವರೆಗೆ ಬೇರೆಯೇ ಒಂದು ಲೋಕ. ಸಸೂನ್ ಡಾಕ್ 1875ರದು. ಹತ್ತಿಯ ಸಾಗಣೆಗೆಂದು ಕಟ್ಟಿದ ಕಲ್ಲಿನ ಕಟ್ಟೆಯ ಮೇಲೆ ಇಂದು ಬೊಂಬಿಲ್, ಸಿಗಡಿ, ರಾಣಿಮೀನುಗಳ ಹರಾಜು ನಡೆಯುತ್ತದೆ. ಬೋಟಿನಿಂದ ಬುಟ್ಟಿ ಇಳಿಯುವುದಕ್ಕೂ ಹರಾಜು ಮುಗಿಯುವುದಕ್ಕೂ ನಡುವೆ ನಮಗೆ ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಬೋಟು ಎಲ್ಲಿಂದ ಬಂತು, ಎಷ್ಟು ಆಳದಲ್ಲಿ ಬಲೆ ಎಳೆಯಿತು, ಎಷ್ಟು ದಿನ ಹೊರಗಿತ್ತು, ಯಾವ ಜಾತಿ ಎಷ್ಟು ಬಂತು ಎಂಬುದನ್ನೆಲ್ಲ ಕೇಳಿ ಬರೆದುಕೊಳ್ಳಬೇಕು. ಬುಟ್ಟಿಯಿಂದ ಆರಿಸದೆ ಒಂದು ಹಿಡಿ ಮೀನು ತೆಗೆದು ಹಲಗೆಯ ಮೇಲಿಟ್ಟು ಅಳೆಯಬೇಕು. ಆರಿಸದೆ ಎಂಬ ಮಾತು ಮುಖ್ಯ. ಮನುಷ್ಯನ ಕೈ ತಾನಾಗಿಯೇ ದೊಡ್ಡ ಮೀನಿನ ಕಡೆಗೆ ಹೋಗುತ್ತದೆ. ಅದನ್ನು ತಡೆಯಲು ಕಲಿಯುವುದೇ ಈ ವಿದ್ಯೆಯ ಮೊದಲ ಪಾಠ. ವ್ಯಾಪಾರಿಗಳಿಗೆ ನಾವೆಂದರೆ ಅಡ್ಡಿ. ಮೀನು ಮಾರುವ ಹೆಂಗಸರಿಗೆ ತಮಾಷೆ. "ಒಂದು ಮೀನಿಗೆ ಇಷ್ಟು ಯೋಚನೆ ಮಾಡಿದರೆ ಸಾರು ಮಾಡುವುದು ಯಾವಾಗ?" ಎಂದು ಒಬ್ಬ ಅಜ್ಜಿ ಕೇಳಿದ್ದಿದೆ.

ದೇಶದ ಕಡಲತೀರದಲ್ಲಿ ಮೀನು ಇಳಿಯುವ ತಾಣಗಳು ಸಾವಿರಕ್ಕೂ ಹೆಚ್ಚು. ಎಲ್ಲ ಕಡೆ ಎಲ್ಲ ದಿನ ಕುಳಿತು ಎಣಿಸಲು ಸಾಧ್ಯವಿಲ್ಲ. ಆದುದರಿಂದ ಮಾದರಿ ಸಮೀಕ್ಷೆಯ ಒಂದು ವಿಧಾನವನ್ನು ಹಿರಿಯರು ರೂಪಿಸಿದ್ದಾರೆ. ತಿಂಗಳನ್ನು ಹತ್ತು ಹತ್ತು ದಿನಗಳ ಮೂರು ಭಾಗ ಮಾಡುವುದು. ಚೀಟಿ ಎತ್ತಿದಂತೆ ದಿನಗಳನ್ನು ಆರಿಸುವುದು. ಮೊದಲನೆಯ ದಿನ ಮಧ್ಯಾಹ್ನ 12ರಿಂದ ಸಂಜೆ 6ರವರೆಗೆ, ಮರುದಿನ ಬೆಳಿಗ್ಗೆ 6ರಿಂದ ಮಧ್ಯಾಹ್ನ 12ರವರೆಗೆ ದಕ್ಕೆಯಲ್ಲಿರುವುದು. ನಡುವಿನ ರಾತ್ರಿಯ ಲೆಕ್ಕವನ್ನು ವಿಚಾರಿಸಿ ತಿಳಿಯುವುದು. ದೇಶದ ಮೀನಿನ ಇಳುವರಿ ಇಷ್ಟು ಲಕ್ಷ ಟನ್ ಎಂದು ಪತ್ರಿಕೆಯಲ್ಲಿ ನೀವು ಓದುವ ಅಂಕಿಯ ಬುಡದಲ್ಲಿ ಇಂಥ ಒಬ್ಬ ಕ್ಷೇತ್ರ ಸಹಾಯಕ ಮಳೆಯಲ್ಲಿ ಕೊಡೆ ಹಿಡಿದು ನಿಂತಿರುತ್ತಾನೆ.

ದಕ್ಕೆಯಿಂದ ಪ್ರಯೋಗಾಲಯಕ್ಕೆ. ಮಂಜುಗಡ್ಡೆಯಲ್ಲಿಟ್ಟು ತಂದ ಮೀನನ್ನು ಒಂದೊಂದಾಗಿ ತೂಗಿ, ಹೊಟ್ಟೆ ಸೀಳಿ, ಗಂಡೋ ಹೆಣ್ಣೋ, ಮೊಟ್ಟೆ ಯಾವ ಹಂತದಲ್ಲಿದೆ, ಜಠರದಲ್ಲಿ ಏನಿದೆ ಎಂದು ನೋಡಬೇಕು. ಮೀನಿನ ತಲೆಯೊಳಗೆ ಸಾಸಿವೆಯಷ್ಟೋ ಅವಲಕ್ಕಿಯಷ್ಟೋ ಗಾತ್ರದ ಕಿವಿಯ ಕಲ್ಲು ಇರುತ್ತದೆ. ಮರದ ಕಾಂಡದಲ್ಲಿ ವರ್ಷದ ಉಂಗುರಗಳಿರುವಂತೆ ಅದರಲ್ಲಿ ಬೆಳವಣಿಗೆಯ ಗೆರೆಗಳಿರುತ್ತವೆ. ಚಳಿ ದೇಶದ ಮೀನುಗಳಲ್ಲಿ ವರ್ಷದ ಗೆರೆ ಸ್ಪಷ್ಟ. ನಮ್ಮ ಬೆಚ್ಚಗಿನ ಕಡಲಿನಲ್ಲಿ ಅಷ್ಟು ಸ್ಪಷ್ಟವಲ್ಲ. ಆದುದರಿಂದ ಸಾವಿರಾರು ಮೀನುಗಳ ಉದ್ದವನ್ನು ತಿಂಗಳು ತಿಂಗಳು ಅಳೆದು, ಒಂದು ಪೀಳಿಗೆ ಹೇಗೆ ಸರಿಯುತ್ತ ಬೆಳೆಯುತ್ತದೆ ಎಂದು ಲೆಕ್ಕ ಹಾಕುವ ವಿಧಾನವೇ ನಮಗೆ ಹೆಚ್ಚು ಬಳಕೆಯದು. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತದೆ. ಕೈಗೆ ನಿಂಬೆಹಣ್ಣು ತಿಕ್ಕಿದರೂ ವಾಸನೆ ಬಿಡದು. ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಎಷ್ಟೋ ಸಲ ಖಾಲಿಯಾಗಿಯೇ ಇರುತ್ತಿತ್ತು. ನನ್ನ ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ, "ನಮ್ಮ ಅಪ್ಪ ಮೀನಿನ ಡಾಕ್ಟರು, ಆದರೆ ಅವರ ಹತ್ತಿರ ಹೋದ ಮೀನು ಒಂದೂ ಬದುಕುವುದಿಲ್ಲ" ಎಂದು ಹೇಳಿ ಬಂದಿದ್ದಳು.

ವರ್ಷದಲ್ಲಿ ಕೆಲವು ವಾರ ಹಡಗಿನ ಮೇಲೆ. 1984ರಲ್ಲಿ ಸೇವೆಗೆ ಸೇರಿದ ಸಾಗರ ಸಂಪದ, ಡೆನ್ಮಾರ್ಕಿನಲ್ಲಿ ಕಟ್ಟಿದ ಸುಮಾರು 72 ಮೀಟರ್ ಉದ್ದದ ಸಂಶೋಧನಾ ನೌಕೆ. ದಡದಿಂದ ನೋಡಿದವರಿಗೆ ಅದು ಅರಮನೆ. ಒಳಗೆ ಮೊದಲ ಮೂರು ದಿನ ವಾಂತಿ. ಗೊತ್ತುಪಡಿಸಿದ ಜಾಗಕ್ಕೆ ಹಡಗು ಬಂದು ನಿಲ್ಲುವುದು ಹಗಲೇ ಆಗಬೇಕೆಂದಿಲ್ಲ. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಎದ್ದು, ತಂತಿಗೆ ಕಟ್ಟಿದ ಸೀಸೆಗಳನ್ನು ನೂರಾರು ಮೀಟರ್ ಇಳಿಸಿ ನೀರು ಎತ್ತಬೇಕು, ಸಣ್ಣ ಕಣ್ಣಿನ ಬಲೆಯಲ್ಲಿ ತೇಲುಜೀವಿಗಳನ್ನು ಹಿಡಿಯಬೇಕು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ 1888ರದು. ತೂಗಾಡುವ ಹಡಗಿನ ಮೇಲೆ ಅದರ ಕೊನೆಯ ಹನಿಗಾಗಿ ಕಾಯುತ್ತ, ನೀಲಿ ಬಣ್ಣ ಮಾಯವಾದ ಕ್ಷಣವನ್ನು ಹಿಡಿಯುವುದು ಒಂದು ಬಗೆಯ ತಪಸ್ಸು. ಅಮಾವಾಸ್ಯೆಯ ರಾತ್ರಿ ಹಡಗು ಸೀಳಿದ ನೀರು ತಾನಾಗಿ ಬೆಳಗುವುದನ್ನು ನೋಡಿದರೆ ವಾಂತಿಯ ಸಂಕಟವೆಲ್ಲ ಮರೆತುಹೋಗುತ್ತದೆಂಬುದೂ ನಿಜ.

ಇಷ್ಟೆಲ್ಲ ಏತಕ್ಕೆ? ಬೂತಾಯಿಯ ಉದಾಹರಣೆ ಕೊಡುತ್ತೇನೆ. ಕೊಂಕಣಿಯಲ್ಲಿ ತಾರ್ಲೆ, ಕೇರಳದಲ್ಲಿ ಮತ್ತಿ. ಬಡವರ ಮೀನು. ಹೆಚ್ಚೆಂದರೆ ಎರಡೂವರೆ ಮೂರು ವರ್ಷ ಬದುಕುವ ಈ ಮೀನು ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಆಗ ಪಶ್ಚಿಮ ಕರಾವಳಿಯಲ್ಲಿ ತಳದ ತಣ್ಣೀರು ಮೇಲೆದ್ದು ಬರುತ್ತದೆ, ಅದರ ಸಾರದಿಂದ ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಬೆಳೆಯುತ್ತವೆ, ಅವನ್ನು ತಿಂದು ಬೂತಾಯಿ ಕೊಬ್ಬುತ್ತದೆ. ಒಂದು ವರ್ಷ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಸುರಿಯುವಷ್ಟು ಬಂದು ಮತ್ತೊಂದು ವರ್ಷ ಸಾರಿಗೂ ಸಿಗದಂತೆ ಮಾಯವಾಗುವುದು ಇದರ ಸ್ವಭಾವ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತದ ಜೇಮ್ಸ್ ಹಾರ್ನೆಲ್ ಇದರ ಬೆನ್ನು ಹತ್ತಿದ್ದರು. ಕೇರಳವೊಂದರಲ್ಲೇ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಸಮೀಪ ಬಂದ ಬೂತಾಯಿ, 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಮುಂದಿನ ವರ್ಷಗಳಲ್ಲಿ ಮತ್ತೆ ಚೇತರಿಸಿಕೊಂಡಿತು. ಮಳೆಯ ವ್ಯತ್ಯಾಸ, ಕಡಲಿನ ಶಾಖ, ಮರಿಗಳನ್ನೂ ಬಿಡದ ಬಲೆ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂಬುದು ವಾದದ ವಿಷಯ. ಆ ವಾದ ಬರಿಯ ಬಾಯಿಮಾತಾಗದಂತೆ ಮಾಡುವುದು ಹಲಗೆಯ ಮೇಲೆ ಅಳೆದಿಟ್ಟ ಉದ್ದಗಳೇ.

ಈ ಉದ್ದಗಳು ಕಾನೂನಾಗುವುದೂ ಉಂಟು. ಒಂದು ಜಾತಿಯ ಹೆಣ್ಣು ಮೀನು ಎಷ್ಟು ಉದ್ದವಾದಾಗ ಮೊದಲ ಸಲ ಮೊಟ್ಟೆಯಿಡುತ್ತದೆಂದು ತಿಳಿದರೆ, ಅದಕ್ಕಿಂತ ಚಿಕ್ಕದನ್ನು ಹಿಡಿಯಬೇಡಿರೆಂದು ಹೇಳಬಹುದು. ಕೇರಳ 2015ರಲ್ಲಿ 14 ಜಾತಿಗಳಿಗೆ ಇಂಥ ಕನಿಷ್ಠ ಉದ್ದವನ್ನು ಗೊತ್ತುಪಡಿಸಿ, ಆಮೇಲೆ ಪಟ್ಟಿಯನ್ನು 58ಕ್ಕೆ ಹಿಗ್ಗಿಸಿತು. ನಾವಿರುವ ಮಹಾರಾಷ್ಟ್ರ 2023ರಲ್ಲಿ 54 ಜಾತಿಗಳ ಪಟ್ಟಿ ಹೊರಡಿಸಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನಗಳ ನಿಷೇಧ 2015ರಿಂದ ಜಾರಿಯಲ್ಲಿದೆ. ಬೋಟಿನವನ ಹೊಟ್ಟೆಪಾಡಿನ ಮೇಲೆ ನೇರವಾಗಿ ಬೀಳುವ ನಿಯಮಗಳಿವು. ಇವುಗಳ ಹಿಂದೆ ಯಾರೋ ಎಲ್ಲೋ ಬರೆದ ಪ್ರಬಂಧವಿರುತ್ತದೆ. ಆ ಪ್ರಬಂಧವನ್ನು ಅವನು ಓದಿರುವುದಿಲ್ಲ.

ಪ್ರಬಂಧದ ವಿಷಯಕ್ಕೆ ಬರುತ್ತೇನೆ. ವಿಜ್ಞಾನದಲ್ಲಿ ಕಂಡುಕೊಂಡದ್ದು ಅಚ್ಚಾಗುವವರೆಗೆ ಕಂಡುಕೊಂಡಂತೆಯೇ ಅಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ 1665ರಲ್ಲಿ ಆರಂಭವಾದಂದಿನಿಂದ ಇದು ರೂಢಿ. ನಮ್ಮ ಕ್ಷೇತ್ರದ ಇಂಡಿಯನ್ ಜರ್ನಲ್ ಆಫ್ ಫಿಶರೀಸ್ 1954ರಲ್ಲಿ ಹೊರಟಿತು. ನಾನು ಸೇವೆಗೆ ಸೇರಿದ ದಿನಗಳಲ್ಲಿ ಪ್ರಬಂಧವನ್ನು ಟೈಪು ಮಾಡಿಸಿ, ನಕ್ಷೆಗಳನ್ನು ಇಂಡಿಯನ್ ಇಂಕಿನಲ್ಲಿ ಕೈಯಾರೆ ಬರೆದು, ಮೂರು ಪ್ರತಿಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತಿದ್ದೆವು. ಆರು ತಿಂಗಳಾದ ಮೇಲೆ ಪರಿಶೀಲಕರ ಟೀಕೆಗಳೊಂದಿಗೆ ಹಿಂದಿರುಗುತ್ತಿತ್ತು. ಪರಿಶೀಲಕನ ಹೆಸರು ನಮಗೆ ತಿಳಿಯದು. ನಮ್ಮದೇ ವಿಷಯ ಬಲ್ಲ ಇನ್ನಾರೋ ಒಬ್ಬರು ಸಂಬಳವಿಲ್ಲದೆ ಕುಳಿತು ನಮ್ಮ ತಪ್ಪುಗಳನ್ನು ಹುಡುಕಿ ಕೊಡುತ್ತಾರೆ. ಮನುಷ್ಯ ರೂಪಿಸಿದ ಒಳ್ಳೆಯ ಪದ್ಧತಿಗಳಲ್ಲಿ ಇದೊಂದೆಂದು ಈಗಲೂ ನನ್ನ ನಂಬಿಕೆ. ಅಚ್ಚಾದ ಮೇಲೆ ಪೋಲೆಂಡಿನಿಂದಲೋ ಪೆರುವಿನಿಂದಲೋ ಒಂದು ಪೋಸ್ಟ್‌ಕಾರ್ಡ್ ಬರುತ್ತಿತ್ತು: ದಯವಿಟ್ಟು ಒಂದು ಪ್ರತಿ ಕಳಿಸಿ. ಆ ಕಾರ್ಡುಗಳನ್ನು ನಾನು ಇಂದಿಗೂ ಇಟ್ಟುಕೊಂಡಿದ್ದೇನೆ.

ಈಗ ಪ್ರಬಂಧ ಗಣಕದಲ್ಲಿ ಹೋಗಿ ಗಣಕದಲ್ಲಿ ಬರುತ್ತದೆ. ವೇಗ ಹೆಚ್ಚಿತು, ಜೊತೆಗೆ ವ್ಯಾಪಾರವೂ ಹೆಚ್ಚಿತು. ಬರೆಯುವವನಿಗೆ ಹಣವಿಲ್ಲ, ಪರಿಶೀಲಿಸುವವನಿಗೆ ಹಣವಿಲ್ಲ. ಆದರೆ ಓದಬೇಕಾದರೆ ಗ್ರಂಥಾಲಯ ದೊಡ್ಡ ಚಂದಾ ತೆರಬೇಕು. ಎಲ್ಲರೂ ಬಿಟ್ಟಿಯಾಗಿ ಓದುವಂತಾಗಬೇಕಾದರೆ ಬರೆದವನೇ ಹಣ ಕಟ್ಟಬೇಕು. ದೊಡ್ಡ ಪತ್ರಿಕೆಗಳಲ್ಲಿ ಆ ಮೊತ್ತ ಲಕ್ಷ ರೂಪಾಯಿಯನ್ನು ದಾಟುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ ಒಂದು ಚಂದಾ' ಯೋಜನೆಗೆ ಒಪ್ಪಿಗೆ ನೀಡಿ, ಸುಮಾರು 13,000 ಪತ್ರಿಕೆಗಳನ್ನು ಸರಕಾರಿ ವಿದ್ಯಾಸಂಸ್ಥೆಗಳಿಗೆ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಒದಗಿಸಲು ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಎತ್ತಿಟ್ಟಿತು. ಸಣ್ಣ ಊರಿನ ಕಾಲೇಜಿನ ಅಧ್ಯಾಪಕನಿಗೆ ಇದು ದೊಡ್ಡ ಉಪಕಾರ. ಆದರೆ ಸಾರ್ವಜನಿಕರ ಹಣದಿಂದ ನಡೆದ ಸಂಶೋಧನೆಯನ್ನು ಓದಲು ಸಾರ್ವಜನಿಕರ ಹಣವೇ ಮತ್ತೊಮ್ಮೆ ಹೋಗಬೇಕೆಂಬ ಸಂಗತಿಯನ್ನು ಮರೆಯುವಂತಿಲ್ಲ.

ಇನ್ನೊಂದು ರೋಗ ಅಂಕಗಳದು. ಬಡ್ತಿಯ ನಮೂನೆಯಲ್ಲಿ ಎಷ್ಟು ಪ್ರಬಂಧ, ಯಾವ ದರ್ಜೆಯ ಪತ್ರಿಕೆ, ಎಷ್ಟನೆಯ ಹೆಸರು ಎಂಬ ಕಲಮುಗಳಿರುತ್ತವೆ. ಹೀಗಾಗಿ ಒಂದೇ ಅಂಜಲ್ ಮೀನನ್ನು ನಾಲ್ಕು ತುಂಡು ಮಾಡಿದಂತೆ ಒಂದೇ ಅಧ್ಯಯನವನ್ನು ಆಹಾರ, ಬೆಳವಣಿಗೆ, ಮೊಟ್ಟೆ, ತೂಕ ಎಂದು ನಾಲ್ಕು ಪ್ರಬಂಧ ಮಾಡುವ ಕಲೆ ಬೆಳೆದಿದೆ. ನಾನೂ ಮಾಡಿದ್ದೇನೆ. ಹಣ ಕಟ್ಟಿದರೆ ವಾರದಲ್ಲಿ ಅಚ್ಚು ಮಾಡಿಕೊಡುವ ಹುಸಿ ಪತ್ರಿಕೆಗಳಿಂದ ದಿನಕ್ಕೆರಡು ಪತ್ರ ಬರುತ್ತವೆ. ಚರ್ಮರೋಗದ ಪತ್ರಿಕೆಯೊಂದು ನನ್ನನ್ನು ಸಂಪಾದಕ ಮಂಡಳಿಗೆ ಕರೆದಿತ್ತು. ಮೀನಿಗೂ ಚರ್ಮವಿದೆಯೆಂಬುದು ಅವರ ವಾದವಿದ್ದಿರಬಹುದು.

ಈಗ ನನ್ನದೇ ಒಂದು ತಪ್ಪಿನ ಕತೆ. ಮದ್ಮಲ್ ಎಂಬ ಮೀನು ನಿಮ್ಮಲ್ಲಿ ಕರಾವಳಿಯವರಿಗೆ ಗೊತ್ತು. ತುಳುವಿನಲ್ಲಿ ಮದ್ಮಲ್ ಎಂದರೆ ಮದುಮಗಳು, ಮೈಬಣ್ಣ ಹಾಗಿದೆ. ಇಲ್ಲಿ ಅದೇ ರಾಣಿ. ಸುರಿಮಿ ಎಂಬ ಮೀನಿನ ಹಿಟ್ಟು ತಯಾರಿಸುವ ಕಾರ್ಖಾನೆಗಳು ಬಂದ ಮೇಲೆ ಇದಕ್ಕೆ ಬೆಲೆ ಬಂತು. ತೊಂಬತ್ತರ ದಶಕದ ಕೊನೆಯಲ್ಲಿ ಕರ್ನಾಟಕದ ಒಂದು ಬಂದರಿನಲ್ಲಿ ನಾಲ್ಕು ವರ್ಷ ಇದನ್ನು ಅಳೆದೆ. ಒಂದು ಗಂಟೆ ಬಲೆ ಎಳೆದರೆ ಎಷ್ಟು ಕಿಲೋ ಬರುತ್ತದೆಂಬುದು ಕಡಲಿನಲ್ಲಿ ಮೀನು ಎಷ್ಟಿದೆಯೆಂದು ಊಹಿಸಲು ನಮಗಿರುವ ಅಳತೆಗೋಲು. ಬೋಟು ಎಷ್ಟು ದಿನ ಹೊರಗಿತ್ತೆಂದು ಕೇಳಿ, ದಿನಕ್ಕೆ ಇಷ್ಟು ಗಂಟೆ ಎಳೆಯುತ್ತಾರೆಂದು ಗುಣಿಸಿ ಲೆಕ್ಕ ಹಾಕುತ್ತಿದ್ದೆ. ಲೆಕ್ಕದ ಪ್ರಕಾರ ಮದ್ಮಲ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಇಂಗ್ಲಿಷಿನಲ್ಲಿ ಪ್ರಬಂಧ ಬರೆದು ಹೊರದೇಶದ ಪತ್ರಿಕೆಗೆ ಕಳಿಸಿದೆ. ಇಬ್ಬರು ಪರಿಶೀಲಕರು ನೋಡಿದರು, ಅಲ್ಪವಿರಾಮಗಳನ್ನು ತಿದ್ದಿದರು, ಒಂದು ಹೊಸ ಸಮೀಕರಣ ಬಳಸಿ ನೋಡಲು ಹೇಳಿದರು. ಅಚ್ಚಾಯಿತು. ಬಡ್ತಿಯ ನಮೂನೆಯಲ್ಲಿ ಅಂಕವೂ ಬಂತು.

ಎರಡು ವರ್ಷಗಳ ಮೇಲೆ ಮಳೆಗಾಲದ ರಜೆಯಲ್ಲಿ, ಬೋಟುಗಳು ದಡಕ್ಕೆ ಬಂದು ಬಲೆ ರಿಪೇರಿ ನಡೆಯುತ್ತಿದ್ದ ಹೊತ್ತು, ಪರಿಚಯದ ಒಬ್ಬ ತಾಂಡೇಲರು ಕೇಳಿದರು: "ಇಷ್ಟು ವರ್ಷ ನಮ್ಮ ಬುಟ್ಟಿಗೆ ಕೈ ಹಾಕಿ ಅಳೆದಿರಲ್ಲ ಸಾರ್, ಅದರಲ್ಲಿ ಎಂತ ಬರೆದಿರಿ ಅಂತ ನಮಗೂ ಒಮ್ಮೆ ಹೇಳಿ ಮಾರಾಯ್ರೆ." ನನಗೆ ನಾಚಿಕೆಯಾಯಿತು. ಪ್ರಬಂಧ ತಂದು, ಬಲೆ ಹೊಲಿಯುತ್ತಿದ್ದ ಏಳೆಂಟು ಮಂದಿಯ ನಡುವೆ ಕುಳಿತು, ತಡವರಿಸುತ್ತ ಕನ್ನಡದಲ್ಲಿ ಹೇಳತೊಡಗಿದೆ. ಲೆಕ್ಕದ ಭಾಗಕ್ಕೆ ಬಂದಾಗ ತಾಂಡೇಲರು ಸೂಜಿ ಕೆಳಗಿಟ್ಟರು. "ಮೀನು ಅಳತೆ ಮಾಡಿದ್ದು ಸರಿ ಸಾರ್. ನಮ್ಮ ಹೊತ್ತು ಅಳತೆ ಮಾಡಿದ್ದು ತಪ್ಪು" ಎಂದರು. ಆ ವರ್ಷಗಳಲ್ಲಿ ಬೋಟುಗಳು ಹತ್ತಿರದ ನೀರು ಬಿಟ್ಟು ದೂರದ ಆಳಕ್ಕೆ ಹೋಗತೊಡಗಿದ್ದವು. ಹೋಗುವುದಕ್ಕೆ, ಬರುವುದಕ್ಕೆ, ಜಾಗ ಹುಡುಕುವುದಕ್ಕೆ ಹಿಡಿದ ಹೊತ್ತನ್ನೆಲ್ಲ ನಾನು ಬಲೆ ಎಳೆದ ಹೊತ್ತೆಂದು ಲೆಕ್ಕಕ್ಕೆ ಹಿಡಿದಿದ್ದೆ. ಗಂಟೆಗಳು ಉಬ್ಬಿದ್ದವು, ಆದುದರಿಂದ ಗಂಟೆಯ ಮೀನು ಕುಗ್ಗಿತ್ತು. ಮನೆಗೆ ಬಂದು ಅವರ ಡೈರಿಗಳಿಂದ ಮತ್ತೆ ಲೆಕ್ಕ ಹಾಕಿದೆ. ನಾನು ಕಂಡ ಇಳಿಮುಖದ ಬಹುಭಾಗ ಕರಗಿಹೋಯಿತು.

ಇಬ್ಬರು ವಿದ್ವಾಂಸರಿಗೆ ಕಾಣದ ತಪ್ಪು ಅವರಿಗೆ ಐದು ನಿಮಿಷದಲ್ಲಿ ಕಂಡಿತು. ಅವರು ನನಗಿಂತಲೂ ಪರಿಶೀಲಕರಿಗಿಂತಲೂ ದೊಡ್ಡ ಗಣಿತಜ್ಞರೆಂದಲ್ಲ. ಪ್ರಬಂಧದಲ್ಲಿದ್ದ ಬದುಕು ಅವರದು. ಅದು ಅವರಿಗೆ ತಿಳಿಯುವ ಮಾತಿನಲ್ಲಿ ಮೊದಲೇ ಅವರ ಮುಂದೆ ಬಂದಿದ್ದರೆ ತಪ್ಪು ಅಚ್ಚಾಗುತ್ತಲೇ ಇರಲಿಲ್ಲ. ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಅರ್ಧ ಪುಟದಲ್ಲಿ ಅಚ್ಚು ಮಾಡಿದರು. "ಯಾರೂ ಗಮನಿಸಿರಲಿಲ್ಲ, ನೀವೇ ಏಕೆ ಎಬ್ಬಿಸಿದಿರಿ?" ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇಂದಿಗೂ ಆ ಪ್ರಬಂಧವನ್ನು ಇತರರು ಉಲ್ಲೇಖಿಸುತ್ತಾರೆ. ತಿದ್ದುಪಡಿಯನ್ನು ಉಲ್ಲೇಖಿಸುವವರು ಕಡಿಮೆ. ಆ ಮೇಲೆ ಪ್ರತಿಯೊಂದು ಅಧ್ಯಯನಕ್ಕೂ ನಾಲ್ಕು ಪುಟದ ಕನ್ನಡ ಟಿಪ್ಪಣಿ ಬರೆದು, ಅಚ್ಚಿಗೆ ಕಳಿಸುವ ಮೊದಲು ದಕ್ಕೆಯಲ್ಲಿ ಓದಿ ಹೇಳುವ ಅಭ್ಯಾಸ ಮಾಡಿಕೊಂಡೆ. ಹೊರನಾಡಿಗೆ ವರ್ಗವಾಗುವವರೆಗೆ ಅದು ನಡೆಯಿತು. ಬರೆದುದೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಎಂದು ಆರಂಭದಲ್ಲಿ ಹೇಳಿದೆನಲ್ಲ, ಉಳಿದುದು ಈ ಟಿಪ್ಪಣಿಗಳೇ. ಒಂದು ಸಂದರ್ಶನದಲ್ಲಿ ಅವನ್ನು ಮುಂದಿಟ್ಟಾಗ ಹಿರಿಯರೊಬ್ಬರು ಕಟ್ಟನ್ನು ಬಿಚ್ಚಿಯೂ ನೋಡದೆ ಪಕ್ಕಕ್ಕೆ ಸರಿಸಿ, "ಇದಿರಲಿ, ದರ್ಜೆಯ ಪತ್ರಿಕೆಗಳಲ್ಲಿ ಎಷ್ಟು?" ಎಂದು ಕೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮೂನೆಯಲ್ಲಿ ಅದಕ್ಕೆ ಕಲಮೇ ಇರಲಿಲ್ಲ.

ವಿಜ್ಞಾನ ಹಿಂದೆಯೂ ಹೀಗೆಯೇ ಇತ್ತೇ? ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ನಿಮಗೆ ಗೊತ್ತು. ಅದೇ ಮನುಷ್ಯ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಗ್ರಂಥ ಪ್ರಕಟಿಸಿದ. ನಮ್ಮ ಮುಂಬಯಿಯ ಬೊಂಬಿಲ್‌ಗೆ ವೈಜ್ಞಾನಿಕ ನಾಮ ಕೊಟ್ಟವನೂ ಅವನೇ. ರೋಹಿತ, ಕಾಟ್ಲಾ, ಇಲಿಶ ಎಂದು ಅಲ್ಲಿನ ಬೆಸ್ತರು ಕರೆಯುತ್ತಿದ್ದುದನ್ನೇ ಅವನು ಲ್ಯಾಟಿನ್ ಹೆಸರಾಗಿಸಿದ. ಪ್ಯಾಟ್ರಿಕ್ ರಸೆಲ್ 1803ರಲ್ಲಿ ವಿಶಾಖಪಟ್ಟಣದ 200 ಮೀನುಗಳ ಚಿತ್ರಗ್ರಂಥ ಹೊರತಂದಾಗ ತೆಲುಗು ಹೆಸರುಗಳನ್ನು ಕೇಳಿ ಬರೆದುಕೊಂಡ. ಅದರಲ್ಲಿದ್ದ ಕನಗುರ್ತ ಎಂಬ ಹೆಸರನ್ನು ಫ್ರಾನ್ಸಿನ ಕುವಿಯೆ ಎತ್ತಿಕೊಂಡ. ನಮ್ಮ ಬಂಗುಡೆ ಇಂದಿಗೂ ಜಗತ್ತಿನ ಎಲ್ಲ ಗ್ರಂಥಗಳಲ್ಲಿ ರಾಸ್ಟ್ರೆಲಿಗರ್ ಕನಗುರ್ತ. ವಸಾಹತುಶಾಹಿಯ ಅಧಿಕಾರಿಗಳು ದಡದ ಮನುಷ್ಯನ ಬಾಯಿಂದ ಹೆಸರು ತೆಗೆದುಕೊಂಡರು. ಪ್ರತಿಯಾಗಿ ಅವನಿಗೆ ಏನನ್ನೂ ಹೇಳಲಿಲ್ಲ. ಅದು ಪರರ ಆಳ್ವಿಕೆ, ಹೇಳಬೇಕೆಂಬ ನಿರೀಕ್ಷೆಯೂ ಇರಲಿಲ್ಲ. ಸ್ವತಂತ್ರ ದೇಶದ ವಿಜ್ಞಾನಿಗಳಾದ ನಾವೂ ತೆಗೆದುಕೊಳ್ಳುವುದನ್ನು ಮಾತ್ರ ಮುಂದುವರಿಸಿದರೆ, ಆಳ್ವಿಕೆ ಬದಲಾದದ್ದರ ಅರ್ಥವೇನು?

ಕೇಂದ್ರ ಸರಕಾರದ ನೌಕರನಾಗಿ ಒಂದು ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಕನ್ನಡ ನಾಡಿನಲ್ಲಿರುವ ನಮ್ಮಂಥ ಕಚೇರಿಯ ನಾಮಫಲಕದಲ್ಲಿ ಮೂರು ಭಾಷೆಗಳಿರುತ್ತವೆ. ಬಾಗಿಲು ದಾಟಿ ಒಳಗೆ ಹೋದರೆ ಎರಡು. ಪ್ರಬಂಧಕ್ಕೆ ಬಂದರೆ ಒಂದೇ. 1963ರ ರಾಜಭಾಷಾ ಅಧಿನಿಯಮ, 1976ರ ನಿಯಮಗಳು, ಮೂರು ತಿಂಗಳಿಗೊಮ್ಮೆ ಸಲ್ಲಿಸುವ ವರದಿ, ಸಪ್ಟೆಂಬರಿನ ಹಿಂದಿ ಪಕ್ಷ, ಎಲ್ಲದರಲ್ಲಿಯೂ ನಾನು ಶ್ರದ್ಧೆಯಿಂದ ಭಾಗವಹಿಸಿದ್ದೇನೆ; ಹಿಂದಿಯ ಮೇಲೆ ನನಗೆ ದ್ವೇಷವಿಲ್ಲ. ನನ್ನ ಪ್ರಶ್ನೆ ಇಷ್ಟೇ: ಹಿಂದಿಯ ಸಾರಾಂಶಕ್ಕೆ ನಿಯಮವಿದೆಯಾದರೆ, ಮೀನು ಕೊಟ್ಟವನ ಭಾಷೆಯ ಸಾರಾಂಶಕ್ಕೆ ಏಕಿಲ್ಲ? ಕಾರವಾರದಲ್ಲಿ ಅಳೆದುದರ ಸಾರ ಕನ್ನಡದಲ್ಲಿ, ರತ್ನಾಗಿರಿಯಲ್ಲಿ ಅಳೆದುದರ ಸಾರ ಮರಾಠಿಯಲ್ಲಿ, ತೂತ್ತುಕುಡಿಯಲ್ಲಿ ಅಳೆದುದರ ಸಾರ ತಮಿಳಿನಲ್ಲಿ ಇರಬೇಕೆಂಬುದು ಭಾಷಾಭಿಮಾನದ ಬೇಡಿಕೆಯಲ್ಲ, ಲೆಕ್ಕ ಸರಿಯಿರಬೇಕೆಂಬ ಬೇಡಿಕೆ.

ಇಂಗ್ಲಿಷನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಬೂತಾಯಿಗೆ ರಾಜ್ಯದ ಗಡಿ ಗೊತ್ತಿಲ್ಲ. ಒಮಾನಿನ ವಿಜ್ಞಾನಿಯೂ ನಾನೂ ಒಂದೇ ಕಡಲನ್ನು ನೋಡುತ್ತೇವೆ, ಮಾತಾಡಲು ಒಂದು ಸಮಾನ ಭಾಷೆ ಬೇಕು. ಕನ್ನಡದಲ್ಲಿ ಪಾರಿಭಾಷಿಕ ಪದಗಳಿಲ್ಲವೆಂಬ ಆಕ್ಷೇಪವೂ ಇದೆ. ದಕ್ಕೆಯಲ್ಲಿ ಓದುವಾಗ ನನಗೆ ಅಡ್ಡಿಯಾದುದು ಪದಗಳ ಕೊರತೆಯಲ್ಲ, ನನ್ನ ವಿಚಾರದ ಅಸ್ಪಷ್ಟತೆ. ಇಂಗ್ಲಿಷಿನ ಕರ್ಮಣಿ ಪ್ರಯೋಗದ ಹಿಂದೆ ಅಡಗಿಕೊಂಡಿದ್ದ ಊಹೆಗಳೆಲ್ಲ ಕನ್ನಡದಲ್ಲಿ ಹೇಳಹೊರಟಾಗ ಬಯಲಿಗೆ ಬಂದವು. ಇಷ್ಟು ಗಂಟೆ ಎಳೆಯಲಾಯಿತು ಎಂದು ಬರೆದಾಗ ಯಾರೂ ಕೇಳಲಿಲ್ಲ. ನೀವು ಇಷ್ಟು ಗಂಟೆ ಎಳೆದಿರಿ ಎಂದೊಡನೆ ಎದುರಿಗಿದ್ದವರು ಅಲ್ಲವೆಂದರು.

ಆಗದ ಕೆಲಸವೇನಲ್ಲ ಇದು. ಹೈದರಾಬಾದಿನಲ್ಲಿ 1999ರಲ್ಲಿ ಆರಂಭವಾದ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಉಪಗ್ರಹಗಳು ಅಳೆದ ಕಡಲಿನ ಶಾಖವನ್ನೂ ಹಸಿರನ್ನೂ ನೋಡಿ, ಮೀನು ಸಿಗಬಹುದಾದ ಪ್ರದೇಶಗಳ ಸೂಚನೆಯನ್ನು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ಕೊಡುತ್ತಿದೆ. ಅತ್ಯಂತ ಆಧುನಿಕ ವಿಜ್ಞಾನವೇ ಕನ್ನಡದಲ್ಲಿ ದಕ್ಕೆಗೆ ಬರಬಲ್ಲುದಾದರೆ ನಮ್ಮ ನಾಲ್ಕು ಪುಟ ಏಕೆ ಬಾರದು? ಕೋಟದ ಶಿವರಾಮ ಕಾರಂತರು ಸಂಸ್ಥೆಯ ಬೆಂಬಲವಿಲ್ಲದೆ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕೊಟ್ಟರು. ಹೊರನಾಡಿಗರಾದ ನಮಗೆ ಇನ್ನೂ ಹತ್ತಿರದ ಮಾದರಿ ಬಿ.ಜಿ.ಎಲ್. ಸ್ವಾಮಿಯವರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದುಕೊಂಡು, ಸಸ್ಯಗಳ ಒಳರಚನೆಯ ಬಗ್ಗೆ ಜಗತ್ತು ಮನ್ನಿಸಿದ ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಬರೆದರು. ಅದೇ ಕೈಯಿಂದ ಕನ್ನಡಿಗರಿಗೆ 'ಹಸುರು ಹೊನ್ನು' ಬರೆದರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಊರಿನಿಂದ ದೂರವಿದ್ದುದು ಅವರಿಗೆ ನೆಪವಾಗಲಿಲ್ಲ.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ಈ ಮಹಾನಗರದ ಅಣುಶಕ್ತಿ ಕೇಂದ್ರದಲ್ಲಿ, ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ, ಆಸ್ಪತ್ರೆಗಳಲ್ಲಿ, ಕಾಲೇಜುಗಳಲ್ಲಿ ದುಡಿಯುವ ಕನ್ನಡಿಗರು ಅನೇಕರಿದ್ದಾರೆ. ಅವರನ್ನು ನಾವು ರಾಜ್ಯೋತ್ಸವದ ದಿನ ಶಾಲು ಹೊದಿಸಲು ಕರೆಯುತ್ತೇವೆ. ಶಾಲು ಬೇಡ. ನಮ್ಮ ತ್ರೈಮಾಸಿಕದಲ್ಲಿ ಪ್ರತಿ ಸಂಚಿಕೆಗೆ ನಾಲ್ಕು ಪುಟ ಬಿಟ್ಟುಕೊಟ್ಟು, ಆ ವರ್ಷ ನೀವು ಏನು ಕಂಡುಕೊಂಡಿರೆಂದು ಕನ್ನಡದಲ್ಲಿ ಬರೆದುಕೊಡಿರೆಂದು ಕೇಳೋಣ. ಮೊದಲ ವಾಕ್ಯಕ್ಕೆ ಅವರಿಗೂ ಒಂದು ಸಂಜೆ ಹಿಡಿಯಬಹುದು, ಹಿಡಿಯಲಿ. ಕರಾವಳಿಯಿಂದ ಬಂದು ಇಲ್ಲಿ ನೆಲೆನಿಂತ ಮೊಗವೀರ ಬಂಧುಗಳು ಸಭೆಯಲ್ಲಿ ಅನೇಕರಿದ್ದೀರಿ. ಮೀನಿನ ಲೇಖನ ಬಂದಾಗ ನಿಮ್ಮ ಮನೆಯ ಹಿರಿಯರಿಗೆ ಅದನ್ನು ಓದಿ ಹೇಳಿ, ಅವರು ತಪ್ಪು ಹಿಡಿದರೆ ಸಂಪಾದಕರಿಗೆ ಬರೆಯಿರಿ. ಅದಕ್ಕಿಂತ ಒಳ್ಳೆಯ ಪರಿಶೀಲಕರು ನಮಗೆ ಸಿಗುವುದಿಲ್ಲ. ಮೊದಲ ಸಂಚಿಕೆಯ ನಾಲ್ಕು ಪುಟ ನನ್ನ ಪಾಲಿಗಿರಲಿ. ಮದ್ಮಲ್‌ನ ಲೆಕ್ಕವನ್ನು, ತಪ್ಪನ್ನೂ ಸೇರಿಸಿ, ಬರೆದುಕೊಡುತ್ತೇನೆ.